ಮುಂದಿನ ಇಂಧನ ನೀತಿಗೆ ಬಳ್ಳಾರಿ–ರಾಯಚೂರು–ಕೊಪ್ಪಳದ ಟಿಪ್ಪಣಿ: ಮೆಗಾವ್ಯಾಟ್ ಬಿಡಿ, ಗಂಟೆ ಹೇಳಿ

ಫೀಡರ್ ಲೆಕ್ಕ, ಕೊಪ್ಪಳ

ರಾಜ್ಯದ ನವೀಕರಿಸಬಹುದಾದ ಇಂಧನ ನೀತಿ 2022–27ರ ಅವಧಿ ತೀರುತ್ತಾ ಬಂತು. ಅದರ ತಲೆಬರಹದ ಗುರಿ 10 ಗಿಗಾವ್ಯಾಟ್ ಹೊಸ ಸಾಮರ್ಥ್ಯ, ಅದರೊಳಗೆ 1 ಗಿಗಾವ್ಯಾಟ್‌ವರೆಗೆ ಚಾವಣಿ ಸೌರ. ಮುಂದಿನ ಕರಡು ಬಂದ ಮೇಲೆ ಗಡಿಬಿಡಿಯಲ್ಲಿ ಆಕ್ಷೇಪಣೆ ಬರೆಯುವ ಬದಲು ಈಗಲೇ ನಮ್ಮ ಮೂರು ಜಿಲ್ಲೆಗಳ ಟಿಪ್ಪಣಿ ತಯಾರಾಗಲಿ ಎಂದು ಈ ಚರ್ಚೆ ತೆರೆದಿದ್ದೇನೆ.

ನಾವೇ ಏಕೆ ಅಂದರೆ, ಉಷ್ಣ ವಿದ್ಯುತ್ ಕೇಂದ್ರಗಳ ಲೆಕ್ಕ ನೋಡಿ: ಶಕ್ತಿನಗರದ ಆರ್‌ಟಿಪಿಎಸ್ 1,720, ಯರಮರಸ್ 1,600, ಕುಡತಿನಿಯ ಬಿಟಿಪಿಎಸ್ 1,700 ಮೆಗಾವ್ಯಾಟ್. ರಾಜ್ಯ ಸರ್ಕಾರದ ಕಡೆಯ ಕಲ್ಲಿದ್ದಲು ಘಟಕಗಳೆಲ್ಲ ಇಲ್ಲೇ, ಒಟ್ಟು 5,020. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿ ಗಿರಣಿ ಸಾಲು. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್ಡಿಗೆ ಜೋಡಿಸಿದ್ದೂ ರಾಯಚೂರು–ಸೊಲ್ಲಾಪುರದ 765 ಕೆವಿ ಲೈನ್. ನೀತಿಯಲ್ಲಿ ಏನೇ ತಪ್ಪಿದರೂ ಮೊದಲು ತಾಗುವುದು ಇಲ್ಲಿಗೆ.

ನನ್ನ ಒಂದೇ ತಕರಾರು: ಗುರಿ ಮೆಗಾವ್ಯಾಟ್‌ನಲ್ಲಿ ಇರಬಾರದು. ಕೇಂದ್ರದ ನವೀಕರಿಸಬಹುದಾದ ಇಂಧನ ಬಳಕೆಯ ಬಾಧ್ಯತೆ 2025–26ಕ್ಕೆ ಶೇ 33.01, 2029–30ಕ್ಕೆ ಶೇ 43.33. ಎರಡೂ ವರ್ಷದ ಒಟ್ಟು ಯೂನಿಟ್ ಮೇಲಿನ ಲೆಕ್ಕ. ಮಧ್ಯಾಹ್ನದ ಬಿಸಿಲಲ್ಲೇ ಆ ಶೇಕಡಾವಾರು ಬಹುಪಾಲು ತುಂಬಿ, ಸಂಜೆ 7ಕ್ಕೆ ಎಂದಿನಂತೆ ಕಲ್ಲಿದ್ದಲು ಸುಡಬಹುದು. ಕಾಗದದ ಮೇಲೆ ಪಾಸು. ನಮ್ಮಲ್ಲಿ ಗಾಳಿ ಬಲವಾಗುವುದು ಜೂನ್‌ನಿಂದ ಆಗಸ್ಟ್, ಆಗ ಮೋಡ ಕವಿದು ಸೌರ ಇಳಿಯುತ್ತದೆ. ಬೇಡಿಕೆ ಏರುವುದು ಫೆಬ್ರುವರಿಯಿಂದ ಏಪ್ರಿಲ್, ಆಗ ಗಾಳಿ ಮಂಕು. ಹಾಗಾಗಿ ಗುರಿ ಹೀಗಿರಬೇಕು: ಇಂಥ ತಿಂಗಳು, ಸಂಜೆ 6ರಿಂದ 10ರೊಳಗೆ, ಕಲ್ಲಿದ್ದಲಲ್ಲದ ವಿದ್ಯುತ್ ಶೇಕಡಾ ಇಷ್ಟು. ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ದಿನಕ್ಕೆ 96 ಬ್ಲಾಕ್, ಪ್ರತಿ 15 ನಿಮಿಷದ ಲೆಕ್ಕ ಈಗಲೇ ಇದೆ. ಹೊಸ ಮೀಟರ್ ಒಂದೂ ಬೇಕಿಲ್ಲ.

ಕೋಲ್ ಮಿಲ್, ಶಕ್ತಿನಗರ

ಸರಿಯಾದ ಕಡೆಯಿಂದ ಶುರು ಮಾಡಿದಿರಿ ಸರ್. ಕಲ್ಲಿದ್ದಲು ಘಟಕದ ಒಳಗೆ ಏನಾಗುತ್ತದೆ ಎಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿ. ನೀತಿ ಬರೆಯುವವರು ಸಾಮಾನ್ಯವಾಗಿ ಇದನ್ನು ಒಂದು ಸಾಲಲ್ಲಿ ದಾಟಿಬಿಡುತ್ತಾರೆ.

ಆರ್‌ಟಿಪಿಎಸ್‌ನಲ್ಲಿ 210 ಮೆ.ವ್ಯಾ.ದ 7 ಘಟಕ, 250ರದ್ದು 1. ಮೊದಲನೆಯದು 1985ರದ್ದು. ಮಧ್ಯಾಹ್ನ ಸೌರ ಏರಿದಾಗ 210ರ ಘಟಕವನ್ನು ಶೇ 55ಕ್ಕೆ, ಅಂದರೆ ಸುಮಾರು 115 ಮೆ.ವ್ಯಾ.ಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಹೋದರೆ ಬಾಯ್ಲರ್ ಒಳಗೆ ಜ್ವಾಲೆ ಅಲುಗಾಡುತ್ತದೆ, ಎಣ್ಣೆ ಬರ್ನರ್ ಹಚ್ಚಿ ಆಸರೆ ಕೊಡಬೇಕು. ಬೂದಿ ಹೆಚ್ಚಿರುವ ಕಲ್ಲಿದ್ದಲಾದರೆ ತೊಂದರೆ ಇನ್ನೂ ಬೇಗ ಶುರು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮ ಶೇ 40ರವರೆಗೆ ಇಳಿಸಲು ಹೇಳುತ್ತದೆ. ಶೇ 70ರ ಮೇಲಿದ್ದಾಗ ನಿಮಿಷಕ್ಕೆ ಶೇ 3, 55ರಿಂದ 70ರ ನಡುವೆ ಶೇ 2, ಅದರ ಕೆಳಗೆ ಶೇ 1ರ ವೇಗದಲ್ಲಿ ಏರಿಳಿಯಬೇಕು. ದಿನಾ ಹೀಗೆ ಏರಿಳಿದರೆ ದಪ್ಪ ಗೋಡೆಯ ಹೆಡರ್‌ಗಳೂ ಟರ್ಬೈನ್ ರೋಟರೂ ಹಿಗ್ಗಿ ಕುಗ್ಗಿ ದಣಿಯುತ್ತವೆ, ಟ್ಯೂಬ್ ಲೀಕ್ ಹೆಚ್ಚುತ್ತದೆ. 800ರ ಸೂಪರ್‌ಕ್ರಿಟಿಕಲ್ ಘಟಕದ ಗುಣವೇ ಬೇರೆ, 40 ವರ್ಷದ 210ರದ್ದೇ ಬೇರೆ.

ಆದ್ದರಿಂದ ನೀತಿಯಲ್ಲಿ ಘಟಕವಾರು ಪಟ್ಟಿ ಬೇಕು: ಯಾವುದು ನಿವೃತ್ತಿ, ಯಾವುದಕ್ಕೆ ಶೇ 40ರ ಮಾರ್ಪಾಡು, ಯಾವುದು ಬೇಸಿಗೆಗೆ ಮಾತ್ರ ಕಾದಿರಿಸಿದ್ದು. ಬೇಸಿಗೆಗೆ ಕಾದಿರಿಸುವುದಾದರೆ ಜೂನ್‌ನಿಂದ ನಿಲ್ಲಿಸಿದ ಬಾಯ್ಲರ್ ತುಕ್ಕು ಹಿಡಿಯದಂತೆ ಸಾರಜನಕ ತುಂಬಿ ಇಲ್ಲವೇ ಒಣಗಾಳಿ ಹಾಯಿಸಿ ಕಾಪಾಡುವ ಖರ್ಚನ್ನು ಸ್ಥಿರ ವೆಚ್ಚದಲ್ಲಿ ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಯಾರೂ ಮಾಡುವುದಿಲ್ಲ. ಫೆಬ್ರುವರಿಯಲ್ಲಿ ಕರೆದಾಗ ಘಟಕ ಏಳುವುದೂ ಇಲ್ಲ.

ನಿವೃತ್ತಿ ಎಂದರೆ ಗುಜರಿಗೆ ಹಾಕುವುದು ಎಂದೇ ಓದಿಕೊಳ್ಳಬೇಡಿ. ಸ್ವಿಚ್‌ಯಾರ್ಡ್, ಟ್ರಾನ್ಸ್‌ಫಾರ್ಮರ್, ಲೈನ್ ಎಲ್ಲ ಅಲ್ಲೇ ನಿಂತಿರುತ್ತವೆ. ಅಲ್ಲಿ ಬ್ಯಾಟರಿ ಕೂರಿಸಬಹುದು. ಹಳೆಯ ಜನರೇಟರನ್ನು ಸಿಂಕ್ರೋನಸ್ ಕಂಡೆನ್ಸರ್ (ಇಂಧನ ಸುಡದೆ ಗ್ರಿಡ್ಡಿನ ಜೊತೆ ತಿರುಗುವ ಯಂತ್ರ) ಆಗಿ ತಿರುಗಿಸಿದರೆ ವೋಲ್ಟೇಜಿಗೂ ಗ್ರಿಡ್ಡಿನ ಜಡತ್ವಕ್ಕೂ ಆಸರೆ.

ಲೆಕ್ಕ ಇಲ್ಲಿದೆ. 500 ಮೆ.ವ್ಯಾ., 4 ಗಂಟೆ ಎಂದರೆ 2,000 ಮೆಗಾವ್ಯಾಟ್ ಗಂಟೆ. ಬ್ಯಾಟರಿಯ ಹೋಗಿ ಬರುವ ದಕ್ಷತೆ ಶೇ 85 ಹಿಡಿದರೆ ತುಂಬಿಸಲು 2,350 ಬೇಕು. 1 ಮೆ.ವ್ಯಾ. ಸೌರ ದಿನಕ್ಕೆ ಸರಾಸರಿ 4.5 ಮೆಗಾವ್ಯಾಟ್ ಗಂಟೆ ಕೊಟ್ಟರೆ ಸುಮಾರು 520 ಮೆ.ವ್ಯಾ. ಸೌರ, ಎಕರೆಯಲ್ಲಿ ಹೇಳುವುದಾದರೆ 2,300ರ ಆಸುಪಾಸು.

ಎರೆಹೊಲ, ಕುಷ್ಟಗಿ

ಆ 2,300 ಎಕರೆ ಎಲ್ಲಿಂದ ತರ್ತೀರಿ ಅಂತ ಒಂದು ಸಾಲೂ ಬರಲಿಲ್ಲ ನೋಡ್ರಿ. ನೀತಿ ಮುರಿದು ಬೀಳೋದು ಇಲ್ಲೇ.

ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಖರೀದಿ ಮಾಡದ ಗುತ್ತಿಗೆ ತಗೊಂಡ್ರು, ಎಕರೆಗೆ ವರ್ಷಕ್ಕ 21,000, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಹೊಲ ರೈತನ ಹೆಸರಿನಾಗ ಉಳೀತು, ಅದು ಚಲೋ. ಆದ್ರ ಆ ಹೊಲದಾಗ ಕಳೆ ತೆಗೆದು ಬದುಕ್ತಿದ್ದ ಕೂಲಿಯವರ ಪಾಲಿಗೆ ಗುತ್ತಿಗೆ ರೊಕ್ಕ ಬರಂಗಿಲ್ಲ. ಕುರಿ ಮೇಯಿಸೋರಿಗೆ ಬೇಲಿ. ಎಕರೆಗೆ ಇಷ್ಟು ಅಂತ ಒಂದು ಪಾಲು ಗ್ರಾಮ ಪಂಚಾಯತಿ ಖಾತೆಗೆ, ಅದೂ ಭೂರಹಿತರ ಹೆಸರಿಗೇ ಅಂತ ಗುತ್ತಿಗೆ ಕರಾರಿನೊಳಗ ಬರೀಬೇಕು. ಸಿಎಸ್‌ಆರ್ (ಕಂಪನಿಯ ಸಮಾಜಸೇವಾ ಹಣ) ಅಂತ ಬಿಟ್ರ ಬಸ್‌ಸ್ಟ್ಯಾಂಡ್ ಕಟ್ಟಿ ಬೋರ್ಡ್ ಹಾಕ್ತಾರ, ಮುಗೀತು.

ಎರಡನೇದು, ಪಿಟಿಸಿಎಲ್ ಕಾಯ್ದೆ 1978. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಗೆ ಸರ್ಕಾರದ ಪೂರ್ವಾನುಮತಿ ಬೇಕು, ಮತ್ತ ಕಾಯ್ದೆ ಪ್ರಕಾರ ಗುತ್ತಿಗೆನೂ ಪರಭಾರೆನ. ಏಜೆಂಟರು ಇದನ್ನ ಹೇಳಂಗಿಲ್ಲ. ಕರಾರು ಆಗಿ ಪ್ಲಾಂಟ್ ಎದ್ದ ಮೇಲೆ ಮೊಮ್ಮಗ ಎಸಿ ಕೋರ್ಟಿಗೆ ಹೋದ್ರ ಕರಾರ ಅಸಿಂಧು. ಪಹಣಿ ಅಷ್ಟ ನೋಡಿದ್ರ ಸಾಲಂಗಿಲ್ಲ, ಮೂಲ ಮಂಜೂರಾತಿ ಕಡತ ತೆಗೆಸಿ ನೋಡಬೇಕು.

ಮೂರನೇದು ಮಣ್ಣು. ಎರಿ ಅಂದ್ರ ಕರಿ ಮಣ್ಣು ಬ್ಯಾಸಿಗ್ಯಾಗ ಬಾಯಿ ಬಿಡ್ತೈತಿ, ಮಳಿಗೆ ಉಬ್ಬತೈತಿ. ಮಸಾರಿ (ಕೆಂಪು ಮಣ್ಣಿನ) ಹೊಲದ ಅಳತಿಗೆ ಪೈಲ್ ಇಳಿಸಿದ್ರ ಎರಡು ಮಳಿಗಾಲಕ್ಕ ಪ್ಯಾನೆಲ್ ಕೂರಿಸಿದ ಟೇಬಲ್ ವಾರಿ ಆಗ್ತಾವ, ಗಾಜು ಬಿರಿತೈತಿ. ಉಬ್ಬು ತಗ್ಗು ಆಗೋ ಪದರು ದಾಟಿ ಕೆಳಗ ಇಳೀಬೇಕು. ಹಂಗಂದ ಮ್ಯಾಲ ಕಡಿಗೆ ಅದನ್ನ ಕಿತ್ತು ಹೊಲ ಸಮ ಮಾಡಿ ಕೊಡೋ ಖರ್ಚನೂ ದೊಡ್ಡದು. ಅದಕ್ಕ ಬ್ಯಾಂಕ್ ಗ್ಯಾರಂಟಿ ಮೊದಲ ಇಡಸ್ರಿ. 28 ವರ್ಷದ ಗುತ್ತಿಗೆ ಮುಗಿದ ಮ್ಯಾಲ ಆ ಕಂಪನಿ ಯಾರದಾಗಿರತೈತೋ ಯಾರಿಗ್ಗೊತ್ತು.

ಫೀಡರ್ ಲೆಕ್ಕ, ಕೊಪ್ಪಳ

ಎರೆಹೊಲ ಅಣ್ಣ, ಪಿಟಿಸಿಎಲ್ ವಿಷಯ ಟಿಪ್ಪಣಿಯ ಮೊದಲ ಪುಟಕ್ಕೆ ಹೋಗುತ್ತದೆ. ಗಾಳಿ ಗಿರಣಿ ಬಗ್ಗೆಯೂ ಬರೆಯಿರಿ.

ಎರೆಹೊಲ, ಕುಷ್ಟಗಿ

ಬರೀತೀನಿ. ಗಿರಣಿಗೆ ಹೊಲ ಕಡಿಮಿ ಹಿಡಿತೈತಿ ಅಂತಾರ, ರಸ್ತೆ ಲೆಕ್ಕ ಬಿಟ್ಟು. ರೆಕ್ಕಿ ಸಾಗಿಸೋ ಲಾರಿಗೆ, ಕ್ರೇನಿಗೆ ಅಗಲ ರಸ್ತೆ ಬೇಕು. ಎರಿ ಹೊಲದಾಗ ಮೊರಮ್ ಹಾಕಿ ಎತ್ತರಿಸ್ತಾರ. ಮಳಿ ನೀರು ಹರಿಯೋ ದಾರಿಗೆ ಅದು ಅಡ್ಡ ಆಗಿ ಮ್ಯಾಲಿನ ಹೊಲ ಕೆರಿ, ಕೆಳಗಿನ ಹೊಲ ಒಣ. ಎಷ್ಟು ದೂರಕ್ಕ ಎಷ್ಟು ಪೈಪ್ ಮೋರಿ ಅಂತ ನಕ್ಷೆದಾಗ ತೋರಿಸದ ಅನುಮತಿ ಕೊಡಬಾರದು.

ದೂರದ್ದು ಕೇಂದ್ರದ 2016ರ ಮಾರ್ಗಸೂಚಿಯೊಳಗ ಐತಿ: ಮನಿಗಳಿಂದ 500 ಮೀಟರ್, ರಸ್ತೆ, ರೈಲು, ಹೈಟೆನ್ಶನ್ ಲೈನಿನಿಂದ ಕಂಬದ ಎತ್ತರ, ರೆಕ್ಕಿ ಸುತ್ತಿನ ಅಡ್ಡಳತಿಯ ಅರ್ಧ, ಮ್ಯಾಲ 5 ಮೀಟರ್. 140 ಮೀಟರ್ ಕಂಬ, 160 ಮೀಟರ್ ಅಡ್ಡಳತಿ ಇದ್ರ 225 ಮೀಟರ್ ಆತು. ಮಾರ್ಗಸೂಚಿ ಅಂದ್ರ ಸಲಹೆ ಅಷ್ಟ ಅಂತ ವಾದ ಮಾಡ್ತಾರ. ರಾಜ್ಯದ ನೀತಿಯೊಳಗ ಅದನ್ನ ಮಂಜೂರಾತಿ ಷರತ್ತು ಅಂತ ಬರದ್ರ ವಾದ ಮುಗೀತು. ತೋಟದ ಮನಿನೂ ಮನಿನ ಅಂತ ಕಾಣಸ್ರಿ.

ಹುಲ್ಲುಗಾವಲು, ಸಿರುಗುಪ್ಪ

ನಕ್ಷೆ ಅಂದಿರಲ್ಲ, ಇನ್ನೊಂದು ಪದರ ಸೇರಿಸಿ. ಕರ್ನಾಟಕದಲ್ಲಿ ಎರ್ಲಡ್ಡು ಅಥವಾ ದೊರೆವಾಯನ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿದಿರುವ ಜಾಗ ಸಿರುಗುಪ್ಪದ ಬಯಲು, ಅದೂ ಬೆರಳೆಣಿಕೆಯಷ್ಟು. ಭಾರದ ಹಕ್ಕಿ, ತಗ್ಗಿನಲ್ಲೇ ಹಾರುತ್ತದೆ, ಕಣ್ಣು ತಲೆಯ ಪಕ್ಕಕ್ಕೆ ಇರುವುದರಿಂದ ಎದುರಿನ ತಂತಿ ತಡವಾಗಿ ಕಾಣುತ್ತದೆ, ತಟ್ಟನೆ ತಿರುಗಲೂ ಆಗುವುದಿಲ್ಲ. ಗಿರಣಿಗಿಂತ ಗಿರಣಿಯಿಂದ ಉಪಕೇಂದ್ರಕ್ಕೆ ಹೋಗುವ 33 ಕೆವಿ ಲೈನ್ ಹೆಚ್ಚು ಅಪಾಯ. ಆವಾಸದ ಒಳಗೆ ಹೊಸ ಲೈನ್ ಬೇಡವೇ ಬೇಡ. ಅಂಚಿನಲ್ಲಿ ನೆಲದಡಿ ಕೇಬಲ್, ಅದರಾಚೆ ತಂತಿ ಹಕ್ಕಿಗೆ ಕಾಣುವಂತೆ ಡೈವರ್ಟರ್.

ಕಂದಾಯ ದಾಖಲೆಯಲ್ಲಿ ಇಂಥ ನೆಲ ಬಹಳ ಕಡೆ ಬಂಜರು ಅಥವಾ ಖರಾಬು ಎಂದಿರುತ್ತದೆ. ನೀತಿಯಲ್ಲಿ ‘ಬಂಜರು ಭೂಮಿಗೆ ಆದ್ಯತೆ’ ಎಂದು ಬರೆದ ತಕ್ಷಣ ಹುಲ್ಲುಗಾವಲು, ಕೃಷ್ಣಮೃಗ, ತೋಳದ ಜಾಗವೇ ಮೊದಲು ಹೋಗುತ್ತದೆ. ಮೊದಲು ಕೈ ಹಚ್ಚಬೇಕಾದದ್ದು ಗಣಿಗಾರಿಕೆ ಮುಗಿದ ಸಂಡೂರು–ಹೊಸಪೇಟೆ ಕಡೆಯ ನೆಲ, ನಾಲೆ ಬದು, ಗೋದಾಮಿನ ಚಾವಣಿ. ಗಣಿ ಮಣ್ಣಿನ ಗುಡ್ಡೆ ಮಾತ್ರ ಬೇಡ, ಕುಸಿಯುತ್ತದೆ.

ಕೋಲ್ ಮಿಲ್, ಶಕ್ತಿನಗರ

ಹುಲ್ಲುಗಾವಲು ಮೇಡಂ, ಗಣಿ ಪ್ರದೇಶದಲ್ಲಿ ಧೂಳಿನ ಲೆಕ್ಕ ಬೇಕು. ತೋರಣಗಲ್ಲು, ಗಿಣಿಗೇರಿ ಸುತ್ತ ಕಬ್ಬಿಣದ ಧೂಳು, ಸ್ಪಾಂಜ್ ಐರನ್ ಮಸಿ ಪ್ಯಾನೆಲ್ ಮೇಲೆ ಕೂರುತ್ತದೆ, ಮಂಜಿನ ಹನಿ ಬಿದ್ದರೆ ಅಂಟಿಕೊಳ್ಳುತ್ತದೆ. 540 ವ್ಯಾಟಿನ ಪ್ಯಾನೆಲ್ ಆದರೆ 1 ಮೆ.ವ್ಯಾ.ಗೆ ಸುಮಾರು 1,850. ಒಂದಕ್ಕೆ 2 ಲೀಟರ್ ಹಿಡಿದರೂ ಒಂದು ತೊಳೆತಕ್ಕೆ 3,700 ಲೀಟರ್. ನಮ್ಮ ಕಡೆಯ ಬೋರ್ ನೀರು ಗಡುಸು. ಹಾಗೇ ತೊಳೆದರೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಅದು ಧೂಳಿಗಿಂತ ಕೆಟ್ಟದ್ದು. ದೊಡ್ಡ ಘಟಕಗಳಿಗೆ ಒಣ ಬ್ರಷ್ ರೋಬೋಟ್ ಕಡ್ಡಾಯ ಮಾಡಿ, ಅಂತರ್ಜಲ ಬಳಸುವುದಾದರೆ ಮೀಟರ್ ಇಡಿಸಿ.

ಬಿಸಿಯನ್ನೂ ಮರೆಯಬೇಡಿ. ರಾಯಚೂರಿನ ಮೇ ತಿಂಗಳಲ್ಲಿ ಪ್ಯಾನೆಲ್ ಕೋಶ 65 ಡಿಗ್ರಿ ಮುಟ್ಟಿದರೆ, 25 ಡಿಗ್ರಿಯ ಮೇಲಿನ ಪ್ರತಿ ಡಿಗ್ರಿಗೆ ಶೇ 0.35ರಂತೆ ಶೇ 14 ಕಳೆಯಿತು. ಬಿಸಿಲು ಜಾಸ್ತಿ ಅಂದಮೇಲೆ ವಿದ್ಯುತ್ತೂ ಜಾಸ್ತಿ ಎಂದು ಬರೆಯುವ ಸಲಹೆಗಾರರಿಗೆ ಇದನ್ನು ತೋರಿಸಿ.

ಮುಕ್ತ ಪ್ರವೇಶ, ಬಳ್ಳಾರಿ

ಇಷ್ಟೆಲ್ಲ ಬರೆದರೂ ನೀತಿ ಎಂಬುದು ಸರ್ಕಾರಿ ಆದೇಶ, ಅಷ್ಟೇ. ದರ, ಸಾಗಣೆ ಶುಲ್ಕ, ಬ್ಯಾಂಕಿಂಗ್ (ಹೆಚ್ಚಾದ ಯೂನಿಟ್ ಗ್ರಿಡ್ಡಿಗೆ ಕೊಟ್ಟು ಆಮೇಲೆ ವಾಪಸ್ ಪಡೆಯುವುದು), ಹೊರಗಿನಿಂದ ವಿದ್ಯುತ್ ಕೊಳ್ಳುವವರು ಕಟ್ಟುವ ಅಡ್ಡ ಸಹಾಯಧನದ ಸರ್ಚಾರ್ಜ್, ಇವೆಲ್ಲ ವಿದ್ಯುತ್ ಕಾಯ್ದೆ 2003ರಂತೆ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ ಕೈಯಲ್ಲಿ. ನೀತಿಯಲ್ಲಿ ‘ಶುಲ್ಕ ವಿನಾಯಿತಿ ನೀಡಲಾಗುವುದು’ ಎಂದಿದ್ದರೆ ಅದು ಭರವಸೆಯೂ ಅಲ್ಲ, ಆಸೆ. ಕಲಂ 108ರಡಿ ಸರ್ಕಾರ ಲಿಖಿತ ನಿರ್ದೇಶನ ಕೊಟ್ಟರೆ ಆಯೋಗ ಅದನ್ನು ಗಮನದಲ್ಲಿಟ್ಟು ನಡೆಯಬೇಕು. ಆಗಲೂ ಕಣ್ಣುಮುಚ್ಚಿ ಒಪ್ಪಲೇಬೇಕೆಂದಿಲ್ಲ.

ಇದು ಪುಸ್ತಕದ ಮಾತಲ್ಲ. ಆಯೋಗ ತನ್ನ 2014ರ ಆದೇಶದಲ್ಲಿ, 2018ರ ಮಾರ್ಚ್ 31ರೊಳಗೆ ಚಾಲೂ ಆಗುವ ಸೌರ ಘಟಕಗಳಿಗೆ 10 ವರ್ಷ ಸಾಗಣೆ, ಬ್ಯಾಂಕಿಂಗ್ ಶುಲ್ಕ ಮಾಫಿ ಎಂದಿತು. ಗಡುವಿಗೆ ಮುನ್ನ ಎಲ್ಲರೂ ನುಗ್ಗಿದರು. 2018ರ ಮೇನಲ್ಲಿ ಶುಲ್ಕ ಹಾಕುವ ಆದೇಶ ಬಂತು, ವಿಷಯ ಹೈಕೋರ್ಟಿಗೆ ಹೋಯಿತು. ಕೇಂದ್ರದ ಹಸಿರು ಮುಕ್ತ ಪ್ರವೇಶ (ಗ್ರಿಡ್ ಮೂಲಕ ಉತ್ಪಾದಕರಿಂದ ನೇರ ಹಸಿರು ವಿದ್ಯುತ್ ಕೊಳ್ಳುವ) ನಿಯಮ 2022 ಬಂತು, 100 ಕಿಲೋವ್ಯಾಟ್ ಬೇಡಿಕೆಯವರಿಗೂ ಬಾಗಿಲು ತೆರೆಯಿತು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನೂ, ಅದರ ಮೇಲೆ ನಿಂತ ಕೆಇಆರ್‌ಸಿ ನಿಯಮಾವಳಿಯನ್ನೂ ರದ್ದುಪಡಿಸಿತು. ಅಂತರರಾಜ್ಯ ಪ್ರಸರಣ ಶುಲ್ಕದ ಪೂರ್ತಿ ಮಾಫಿ 2025ರ ಜೂನ್ 30ಕ್ಕೆ ಮುಗಿದು ಈಗ ವರ್ಷಕ್ಕೆ ಶೇ 25ರಂತೆ ಕರಗುತ್ತಿದೆ. ಬ್ಯಾಂಕು ಸಾಲ ಕೊಡುವಾಗ ಕೇಳುವುದು ಇದನ್ನೇ: ಈ ರಿಯಾಯಿತಿ ಯಾವ ಕಾಗದದ ಮೇಲೆ ನಿಂತಿದೆ?

ಹಾಗಾಗಿ ನೀತಿಗೆ ಅನುಬಂಧ ಒಂದಿರಲಿ. ಪ್ರತಿ ಭರವಸೆಯ ಎದುರು, ಇದನ್ನು ಜಾರಿ ಮಾಡುವ ಆದೇಶ ಯಾರದ್ದು, ಯಾವ ಕಲಂ, ಎಷ್ಟು ದಿನದೊಳಗೆ. ಆ ಖಾನೆ ಖಾಲಿ ಇದ್ದರೆ ಭರವಸೆ ಅಳಿಸಿ.

ಭತ್ತದ ಕಣಜ, ಗಂಗಾವತಿ

ಬ್ಯಾಂಕಿಂಗ್ ತಿಂಗಳಿಗೇ ನಿಂತರೆ ಜುಲೈ ಗಾಳಿಯ ಕರೆಂಟ್ ನಮ್ಮ ನವೆಂಬರ್ ಸುಗ್ಗಿಗೆ ಬರಲ್ಲ. ರೈಸ್‌ಮಿಲ್ ಓಡೋದೇ ಸುಗ್ಗಿ ನೋಡಿ. ವರ್ಷದ ಬ್ಯಾಂಕಿಂಗ್ ಕೊಡಿ ಅಂತ ಬರೀರಿ.

ಮುಕ್ತ ಪ್ರವೇಶ, ಬಳ್ಳಾರಿ

ಬರೆಯಬಹುದು, ನಾನು ಸಹಿ ಹಾಕಲ್ಲ ಅಣ್ಣಾರೆ. ಜುಲೈನಲ್ಲಿ ನೀವು ಕೊಟ್ಟ ಯೂನಿಟ್ಟನ್ನು ನಮ್ಮ ವಿತರಣಾ ಕಂಪನಿ ಜೆಸ್ಕಾಂ ಡಬ್ಬಿಯಲ್ಲಿ ಇಡುವುದಿಲ್ಲ. ಅಂದೇ ಅಗ್ಗಕ್ಕೆ ಹೋಗುತ್ತದೆ, ನವೆಂಬರ್‌ನ ಸಂಜೆಗೆ ಅದೇ ಯೂನಿಟ್ ದುಬಾರಿಗೆ ಕೊಂಡು ನಿಮಗೆ ಕೊಡಬೇಕು. ಆ ವ್ಯತ್ಯಾಸ ಕೊನೆಗೆ ಮನೆ ಬಿಲ್ಲಿಗೆ ಬರುತ್ತದೆ. ಸಮಯದ ದರ ಕೇಳಿ. ಗ್ರಾಹಕ ಹಕ್ಕುಗಳ ನಿಯಮದ 2023ರ ತಿದ್ದುಪಡಿ ಪ್ರಕಾರ ಸೌರ ಗಂಟೆಗಳಲ್ಲಿ ದರ ಕನಿಷ್ಠ ಶೇ 20 ಕಡಿಮೆ ಇರಬೇಕು. ಪಾಲಿಶಿಂಗ್, ಅಕ್ಕಿ ಆರಿಸುವ ಸಾರ್ಟೆಕ್ಸ್ ಬೆಳಿಗ್ಗೆ 9ರಿಂದ 5ರೊಳಗೆ ಓಡಿಸಿ.

ಭತ್ತದ ಕಣಜ, ಗಂಗಾವತಿ

ಸುಗ್ಗಿಯಲ್ಲಿ ಮಿಲ್ ಹಗಲೂ ರಾತ್ರಿ ಓಡುತ್ತೆ, ನಿಲ್ಲಿಸಿದರೆ ಲಾರಿ ಸಾಲು ಸಿಂಧನೂರು ರಸ್ತೆ ತನಕ. ಆದರೂ ಅರ್ಧ ಒಪ್ಪಿದೆ.

ಹೊಟ್ಟಿನ ವಿದ್ಯುತ್ ಬಗ್ಗೆ ಯಾರೂ ಹೇಳಲಿಲ್ಲ. ಸಂಜೆಗೂ ಬರುವ ಹಸಿರು ಕರೆಂಟ್ ಅದೇ. ಆದರೆ ಅಳತೆ ಮೀರಿ ಲೈಸೆನ್ಸ್ ಕೊಟ್ಟರೆ ಕೆಡುತ್ತದೆ. ಭತ್ತದ ತೂಕದಲ್ಲಿ ಹೊಟ್ಟು ಸುಮಾರು ಶೇ 20. ಯೂನಿಟ್‌ಗೆ 1.35 ಕೆಜಿ ಹಿಡಿಯಿರಿ. 5 ಮೆ.ವ್ಯಾ. ಘಟಕ ಶೇ 70 ಓಡಿದರೆ ವರ್ಷಕ್ಕೆ 3 ಕೋಟಿ ಯೂನಿಟ್ ಮೇಲೆ, 41,000 ಟನ್ ಹೊಟ್ಟು, ಅಂದರೆ 2 ಲಕ್ಷ ಟನ್ ಭತ್ತ. ಕುದಿಸುವ ಮಿಲ್‌ಗಳ ಬಾಯ್ಲರಿಗೂ ಇಟ್ಟಿಗೆ ಭಟ್ಟಿಗೂ ಅದೇ ಹೊಟ್ಟು ಬೇಕು. ತುಂಗಭದ್ರಾ ನಾಲೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಹೊಟ್ಟಿನ ರೇಟು ಏರಿ ಘಟಕ ನಿಲ್ಲುತ್ತದೆ. ಒಂದು ಘಟಕದಿಂದ ಇನ್ನೊಂದಕ್ಕೆ ಇಷ್ಟು ಕಿಲೋಮೀಟರ್ ಅಂತರ ಅಂತ ಇಂಧನ ವಲಯ ಗುರುತಿಸಬೇಕು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಸೇರಿಸಬಹುದು, ಚಿಪ್ಪರ್ ಬೇಕು. ಭತ್ತದ ಹುಲ್ಲು ಮಾತ್ರ ಜಾಸ್ತಿ ಹಾಕಬಾರದು. ಅದರ ಪೊಟ್ಯಾಶ್, ಕ್ಲೋರಿನ್‌ನಿಂದ ಟ್ಯೂಬ್ ಮೇಲೆ ಕಿಟ್ಟ ಕಟ್ಟುತ್ತೆ.

ಫೀಡರ್ ಲೆಕ್ಕ, ಕೊಪ್ಪಳ

ಈಗ ಪಂಪ್‌ಸೆಟ್. ಹಣದ ದೃಷ್ಟಿಯಲ್ಲಿ ಇಡೀ ನೀತಿಯ ತೂಕ ಇಲ್ಲೇ. 10 ಎಚ್‌ಪಿವರೆಗೆ ಉಚಿತ, ಹಣ ಸರ್ಕಾರದ್ದು. ಕೇಂದ್ರದ ಪಿಎಂ-ಕುಸುಮ್ ಯೋಜನೆಯ ಸಿ ಭಾಗದಲ್ಲಿ ಪಂಪ್ ಮುಟ್ಟದೆ ಇಡೀ ಫೀಡರನ್ನೇ (ಉಪಕೇಂದ್ರದಿಂದ ಪಂಪುಗಳಿಗೆ ಹೋಗುವ ಲೈನ್) ಉಪಕೇಂದ್ರದ ಬಳಿಯ ಸೌರ ಘಟಕಕ್ಕೆ ಜೋಡಿಸುತ್ತಾರೆ, ಮೆಗಾವ್ಯಾಟಿಗೆ 1.05 ಕೋಟಿವರೆಗೆ ಕೇಂದ್ರದ ನೆರವು.

ಅಳತೆ ಹೀಗೆ. ಒಂದು 11 ಕೆವಿ ಫೀಡರಿನಲ್ಲಿ 7.5 ಎಚ್‌ಪಿಯ 150 ಪಂಪ್ ಎನ್ನಿ. ಒಂದು 5.6 ಕಿಲೋವ್ಯಾಟ್, 7 ಗಂಟೆ, 200 ದಿನ ಓಡಿದರೆ 7,840 ಯೂನಿಟ್. ಒಟ್ಟು 11.76 ಲಕ್ಷ. ಲೈನಿನ ನಷ್ಟ ಶೇ 15 ಸೇರಿ 13.8 ಲಕ್ಷ. 1 ಮೆ.ವ್ಯಾ. ಸೌರ ಶೇ 19ರ ಸಾಮರ್ಥ್ಯ ಬಳಕೆಯಲ್ಲಿ 16.6 ಲಕ್ಷ ಕೊಡುತ್ತದೆ. ಅಂದರೆ 0.83 ಮೆ.ವ್ಯಾ. ಸಾಕು.

ಕೆಡುವುದು ಎಲ್ಲಿ? ಒಂದು, ಪಂಪ್ ಅಧಿಕೃತವಾಗಿ 7.5, ಒಳಗಿನ ಮೋಟರ್ 10 ಅಥವಾ 12.5, ಫೀಡರ್ ಮೀಟರಿನ ಹಿಂದಿನ ಎರಡು ವರ್ಷದ ಓದು ನೋಡದೆ ಮಂಜೂರಾತಿ ಎಚ್‌ಪಿ ಮೇಲೆ ಅಳೆದರೆ ಲೆಕ್ಕ ತಪ್ಪಿತು. ಎರಡು, ಫೀಡರ್ ಟ್ರಿಪ್ ಆದರೆ ಇನ್ವರ್ಟರ್ ತಾನೂ ನಿಲ್ಲಬೇಕು, ಇಲ್ಲದಿದ್ದರೆ ಕಂಬ ಹತ್ತಿದ ಪವರ್‌ಮ್ಯಾನ್ ಜೀವಕ್ಕೆ ಅಪಾಯ. ದಿನಕ್ಕೆ ಹಲವು ಸಲ ಟ್ರಿಪ್ ಆಗುವ ಫೀಡರಿನಲ್ಲಿ ಬಿಸಿಲಿದ್ದೂ ಉತ್ಪಾದನೆ ಇಲ್ಲ. ಸೌರಕ್ಕೆ ಮೊದಲು ಜೋತುಬಿದ್ದ ತಂತಿ, ಒಡೆದ ಇನ್ಸುಲೇಟರ್, ಓವರ್‌ಲೋಡ್ ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಸರಿ ಮಾಡುವ ಹಣ ಅದೇ ಯೋಜನೆಯೊಳಗೆ ಇರಬೇಕು. ಮೂರು, ಮಳೆಗಾಲದಲ್ಲಿ ಪಂಪ್ ಓಡುವುದಿಲ್ಲ, ಕರೆಂಟ್ ಹಿಮ್ಮುಖವಾಗಿ ಉಪಕೇಂದ್ರಕ್ಕೆ ಏರುತ್ತದೆ, ಫೀಡರ್ ತಲೆಯಲ್ಲಿ ವೋಲ್ಟೇಜ್ ಏರಿ ಇನ್ವರ್ಟರ್ ಕಡಿದುಕೊಳ್ಳುತ್ತದೆ. ಉಪಕೇಂದ್ರದ ಟ್ರಾನ್ಸ್‌ಫಾರ್ಮರ್ ಮೇಲಿನ ಎಲ್ಲ ಫೀಡರಿನ ಸೌರ ಒಟ್ಟು ಕೂಡಿಸಿ ಮಿತಿ ಹಾಕಬೇಕು. ನಾಲ್ಕು, ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆ ಲೈನಿನಿಂದ ಬೇರ್ಪಡದ ಫೀಡರಿಗೆ ಇದು ಹೊಂದುವುದಿಲ್ಲ.

ಎರೆಹೊಲ, ಕುಷ್ಟಗಿ

ಕಂಡೆನ್ಸರ್ ಹಾಕಿ ಸಿಂಗಲ್ ಫೇಸಿನಾಗ ರಾತ್ರಿ ಮೋಟರ್ ಓಡ್ಸೋದು ಐದನೇದು. ಹಗಲು ಏಳು ತಾಸು ಖಾತ್ರಿ ಕೊಟ್ರ ಅದು ತಾನ ಕಡಿಮಿ ಆಗತೈತಿ, ಕೊಡಲಿಲ್ಲಂದ್ರ ಯಾವ ವಿಜಿಲೆನ್ಸ್ ಬಂದ್ರೂ ಆಗಂಗಿಲ್ಲ.

ಹುಲ್ಲುಗಾವಲು, ಸಿರುಗುಪ್ಪ

ಮನೆ ಚಾವಣಿ? ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಬರದವರು ಕೇಂದ್ರದ ಚಾವಣಿ ಸೌರ ಯೋಜನೆ ಸೂರ್ಯಘರ್‌ಗೆ ಕೈಯಿಂದ ಹಣ ಏಕೆ ಹಾಕುತ್ತಾರೆ?

ಮುಕ್ತ ಪ್ರವೇಶ, ಬಳ್ಳಾರಿ

ಹಾಕುವುದಿಲ್ಲ, ಅದಕ್ಕೇ ಎರಡನ್ನೂ ಜೋಡಿಸಬೇಕು. 2 ಕಿಲೋವ್ಯಾಟಿಗೆ ಕೇಂದ್ರದ ಸಹಾಯಧನ 60,000, 3ಕ್ಕೆ 78,000. 2 ಕಿಲೋವ್ಯಾಟ್ ತಿಂಗಳಿಗೆ ಸುಮಾರು 240 ಯೂನಿಟ್ ಕೊಡುತ್ತದೆ. ಸರ್ಕಾರ ಆ ಮನೆಗಾಗಿ ತಿಂಗಳು ತಿಂಗಳು ಕಟ್ಟುವ ಗೃಹಜ್ಯೋತಿ ಹಣದ ಕೆಲವು ವರ್ಷದ ಮೊತ್ತವನ್ನು ಮುಂಗಡವಾಗಿ ಉಳಿದ ಬಂಡವಾಳಕ್ಕೆ ಕೊಟ್ಟರೆ, ಮನೆಗೆ ನಷ್ಟವಿಲ್ಲ, ಖಜಾನೆಗೆ ಮುಂದೆ ಹೊರೆ ಇಳಿಯುತ್ತದೆ. ಆರ್‌ಸಿಸಿ ಇಲ್ಲದ ತಗಡಿನ ಮನೆಗೆ, ಬಾಡಿಗೆ ಮನೆಗೆ ಇದು ಬರುವುದಿಲ್ಲ. ಅವರಿಗೆ ಗ್ರಾಮದ ಸಾಮೂಹಿಕ ಘಟಕದಿಂದ ವರ್ಚುವಲ್ ನೆಟ್ ಮೀಟರಿಂಗ್, ಅಂದರೆ ಅಲ್ಲಿನ ಯೂನಿಟ್ಟನ್ನು ಅವರ ಬಿಲ್ಲಿನಲ್ಲಿ ಕಳೆಯುವುದು.

ಕೋಲ್ ಮಿಲ್, ಶಕ್ತಿನಗರ

ತೋರಣಗಲ್ಲಿನ ಉಕ್ಕನ್ನೂ ಒಂದು ಪ್ಯಾರಾದಲ್ಲಿ ಸೇರಿಸಿ. ಹೈಡ್ರೋಜನ್ನಿನಿಂದ ಒಂದು ಟನ್ ಕಬ್ಬಿಣ ತೆಗೆಯಲು 50 ಕೆಜಿಗೂ ಮೇಲೆ ಬೇಕು. ಕೆಜಿಗೆ 50ರಿಂದ 55 ಯೂನಿಟ್. ಟನ್ನಿಗೆ ಹತ್ತಿರ ಹತ್ತಿರ 2,800 ಯೂನಿಟ್ ಹೈಡ್ರೋಜನ್ನಿಗೇ ಹೋಯಿತು. ಯುರೋಪಿನ ಗಡಿ ಇಂಗಾಲ ಶುಲ್ಕ 2026ರ ಜನವರಿಯಿಂದ ಜಾರಿಯಲ್ಲಿರುವುದರಿಂದ ಬೇಡಿಕೆ ಬರುತ್ತದೆ. ಆ ಕರೆಂಟ್ ಹೊಸ ಘಟಕದಿಂದ, ಅದೇ ಗಂಟೆಯಲ್ಲಿ ಉತ್ಪತ್ತಿಯಾದದ್ದಾಗಿರಲಿ ಎಂದು ಷರತ್ತು ಹಾಕದಿದ್ದರೆ, ಇರುವ ಗಾಳಿ ವಿದ್ಯುತ್ ಕಾರ್ಖಾನೆಗೆ, ಊರಿಗೆ ಕಲ್ಲಿದ್ದಲು.

ಮುಕ್ತ ಪ್ರವೇಶ, ಬಳ್ಳಾರಿ

ಒಪ್ಪಿದೆ. ಉಳಿದ ಎರಡು ಸೇರ್ಪಡೆ. ಇ-ತ್ಯಾಜ್ಯ ನಿಯಮ 2022ರಲ್ಲಿ ಸೌರ ಪ್ಯಾನೆಲ್ ಇದೆ, ತಯಾರಕರು ಹಳೆ ಪ್ಯಾನೆಲ್ಲನ್ನು 2034–35ರವರೆಗೆ ಸಂಗ್ರಹಿಸಿಡಬೇಕು. ಒಡೆದ ಪ್ಯಾನೆಲ್ ಇಡಲು ಜಿಲ್ಲೆಗೊಂದು ಯಾರ್ಡ್ ಗುರುತಿಸದಿದ್ದರೆ ಅವು ಹಳ್ಳಕ್ಕೆ ಬೀಳುತ್ತವೆ. ಇನ್ನೊಂದು, ಕಲಂ 65: ಸರ್ಕಾರ ಸಹಾಯಧನ ಘೋಷಿಸಿದರೆ ಎಸ್ಕಾಂಗೆ ಮುಂಗಡ ಕೊಡಬೇಕು. ಜೆಸ್ಕಾಂ ಕೈಯಲ್ಲಿ ದುಡ್ಡಿಲ್ಲದೆ ಉತ್ಪಾದಕರ ಬಿಲ್ ತಡವಾದರೆ ಮುಂದಿನ ಟೆಂಡರಿನಲ್ಲಿ ಎಲ್ಲರೂ ದರ ಏರಿಸಿಯೇ ಬರೆಯುತ್ತಾರೆ. ತ್ರೈಮಾಸಿಕವಾಗಿ ಎಷ್ಟು ಬಂತು, ಎಷ್ಟು ಬಾಕಿ ಎಂದು ವೆಬ್‌ಸೈಟಿನಲ್ಲಿ ಹಾಕುವುದು ಕಡ್ಡಾಯವಾಗಲಿ.

ಎರೆಹೊಲ, ಕುಷ್ಟಗಿ

ಹಿಂದಕ 1ರಿಂದ 3 ಮೆಗಾವ್ಯಾಟಿನ ರೈತರ ಸೌರ ಯೋಜನೆಯೊಳಗ ಯೂನಿಟ್ಟಿಗೆ 8.40 ಅಂತ ಕರಾರ ಆಗಿತ್ತು. ಎನ್‌ಎ (ಭೂ ಪರಿವರ್ತನೆ), ಲೈನ್ ಅನುಮತಿ ತಡ ಆಗಿ ಗಡುವು ತಪ್ಪಿದವರಿಗೆ ರೇಟ್ ಇಳಿಸಿದ್ರು, ಮೇಲ್ಮನವಿ ನ್ಯಾಯಮಂಡಳಿ ತನಕ ವ್ಯಾಜ್ಯ ಹೋತು. ಗಡುವಿನ ದಿನ ಎಣಿಸೋದು ಕರಾರಿನ ತಾರೀಖಿನಿಂದಲ್ಲ, ಕೊನೇ ಸರ್ಕಾರಿ ಅನುಮತಿ ಕೈಗೆ ಬಂದ ತಾರೀಖಿನಿಂದ ಅಂತ ಸೇರಿಸ್ರಿ. ಕನ್ನಡದಾಗೂ ಕರಾರಿನ ಪ್ರತಿ ಇರಬೇಕು, ತಕರಾರು ಬಂದ್ರ ಕನ್ನಡ ಪ್ರತಿನ ಅಂತಿಮ ಅಂತನೂ.

ಫೀಡರ್ ಲೆಕ್ಕ, ಕೊಪ್ಪಳ

ಎರಡೂ ಸೇರಿಸಿದೆ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಸಿಂಧನೂರು ಉಪಕೇಂದ್ರಗಳ ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯ ಮತ್ತು ಖಾಲಿ ಇರುವ ಬೇ (ಹೊಸ ಲೈನ್ ಜೋಡಿಸುವ ಜಾಗ) ಪಟ್ಟಿ ಬೇಕು. ಮಾಹಿತಿ ಹಕ್ಕಿನ ಅರ್ಜಿ ಕೆಪಿಟಿಸಿಎಲ್‌ಗೂ ಜೆಸ್ಕಾಂಗೂ ಬೇರೆ ಬೇರೆ ಹಾಕಿ. 33 ಕೆವಿಯದ್ದು ಒಬ್ಬರ ಬಳಿ, 110ರದ್ದು ಇನ್ನೊಬ್ಬರ ಬಳಿ ಇರುತ್ತದೆ.